ಅಂತೋನಿಯೊ ದೆ ಉಲ್ಲೋವಾ: ಮೇಧಾವಿಯೋ, ಕೈಲಾಗದ ಗವರ್ನರನೋ?

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿ ಇರುವವರು. ಇತ್ತೀಚೆಗೆ ಮನೆಮಂದಿಯೆಲ್ಲ ನ್ಯೂ ಆರ್ಲಿಯನ್ಸ್ ನೋಡಲು ಹೋಗಿದ್ದೆವು. ಸ್ಪೇನ್ ಕಳಿಸಿದ ಮೊದಲ ಗವರ್ನರ್ ಉಲ್ಲೋವಾ ಎಂಬಾತನನ್ನು ಊರಿನವರೇ ಓಡಿಸಿದರಂತೆ. ಮದುವೆ ಮನೆಯಲ್ಲಿ ಕುಡಿದು ಬಂದವರು ಅವನ ಹಡಗಿನ ಹಗ್ಗ ಕಡಿದು ನದಿಯಲ್ಲಿ ತೇಲಿಬಿಟ್ಟರು ಎಂದು ಗೈಡ್ ನಗುತ್ತಾ ಹೇಳಿದ. ಮನೆಗೆ ಬಂದು ಹುಡುಕಿದರೆ, ಅದೇ ಹೆಸರಿನವನು ಪ್ಲಾಟಿನಂ ಕಂಡುಹಿಡಿದವನು, ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯ ಎಂದಿದೆ. ಮತ್ತೊಂದು ಕಡೆ, ನಕ್ಷತ್ರ ನೋಡುವ ಗುಂಗಿನಲ್ಲಿ ಯುದ್ಧದ ಆದೇಶವಿದ್ದ ಲಕೋಟೆ ಒಡೆಯಲು ಮರೆತ ನೌಕಾಧಿಕಾರಿ ಎಂದಿದೆ. ಒಂಬತ್ತನೇ ಕ್ಲಾಸಿನ ಮಗ ಶಾಲೆಯ ಪ್ರಾಜೆಕ್ಟಿಗೆ ಇವನನ್ನೇ ಆರಿಸಿಕೊಂಡಿದ್ದಾನೆ. ಇವರೆಲ್ಲ ಒಬ್ಬನೇನಾ? ಒಬ್ಬನೇ ಆದರೆ ಅಷ್ಟು ಬುದ್ಧಿವಂತ ಆಡಳಿತದಲ್ಲಿ ಏಕೆ ಸೋತ? ‘ವಿಫಲ ಗವರ್ನರ್’ ಎಂದು ಬರೆದರೆ ತಪ್ಪಾಗುತ್ತದೆಯೇ?

ಉತ್ತರ: ಮೂವರೂ ಒಬ್ಬನೇ. ಅಂತೋನಿಯೊ ದೆ ಉಲ್ಲೋವಾ, ಹುಟ್ಟಿದ್ದು 1716ರ ಜನವರಿಯಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿ, ತೀರಿಕೊಂಡದ್ದು 1795ರ ಜುಲೈಯಲ್ಲಿ ಕ್ಯಾಡಿಜ್ ಪಕ್ಕದ ಇಸ್ಲಾ ದೆ ಲಿಯೋನ್‌ನಲ್ಲಿ. ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಮಗ ಗೈಡ್ ಹೇಳಿದ ಕಥೆ ಬರೆದರೆ ಮನುಷ್ಯ ನಗೆಪಾಟಲಾಗುತ್ತಾನೆ, ವಿಜ್ಞಾನದ ಪುಟಗಳನ್ನು ನೋಡಿ ಬರೆದರೆ ದೇವಮಾನವನಾಗುತ್ತಾನೆ. ವಸಾಹತುಗಳ ಇತಿಹಾಸ ಪಾಠ ಮಾಡುವಾಗ ವಿದ್ಯಾರ್ಥಿಗಳು ಇಂಥ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುವುದನ್ನು ಬಹಳ ನೋಡಿದ್ದೇನೆ. ‘ಬುದ್ಧಿವಂತ, ಆದರೆ ವ್ಯವಹಾರ ಗೊತ್ತಿಲ್ಲ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಉಲ್ಲೋವಾನ ವಿಷಯದಲ್ಲಿ ಆ ಸಾಲು ಅರ್ಧ ಸುಳ್ಳು. ಅವನು ಗವರ್ನರ್ ಆಗಿದ್ದು ಎರಡು ಕಡೆ, ಸೋತದ್ದು ಎರಡು ಕಡೆಯೂ ನಿಜ. ಆದರೆ ಆ ಎರಡು ಜಾಗಗಳಲ್ಲಿ ಅಧಿಕಾರಪತ್ರ ಅವನ ಕೈಯಲ್ಲಿತ್ತು, ಬಲ ಬೇರೆಯವರ ಕೈಯಲ್ಲಿತ್ತು.

ಮೊದಲು ಅವನ ಹಿನ್ನೆಲೆ. ಹದಿಮೂರು ಹದಿನಾಲ್ಕರ ವಯಸ್ಸಿಗೇ ಹಡಗು ಹತ್ತಿ ಅಮೆರಿಕಕ್ಕೆ ಹೋಗಿಬಂದ ಹುಡುಗ, 1733ರಲ್ಲಿ ಕ್ಯಾಡಿಜ್‌ನ ನೌಕಾ ಕೆಡೆಟ್‌ಗಳ ಶಾಲೆ ಸೇರಿದ. ಭೂಮಿ ಧ್ರುವಗಳಲ್ಲಿ ಚಪ್ಪಟೆಯೋ ಉದ್ದವೋ ಎಂಬ ವಾದ ಆಗ ಯುರೋಪಿನಲ್ಲಿ ಜೋರಾಗಿತ್ತು. ಚಪ್ಪಟೆ ಎಂದವನು ನ್ಯೂಟನ್, ಅಲ್ಲ ಎಂದವರು ಫ್ರಾನ್ಸಿನ ಖಗೋಳಜ್ಞ ಕಸೀನಿ ಕಡೆಯವರು. ತೀರ್ಮಾನಕ್ಕೆ ಭೂಮಧ್ಯರೇಖೆಯ ಬಳಿ ಅಕ್ಷಾಂಶದ ಒಂದು ಡಿಗ್ರಿ ನೆಲದ ಮೇಲೆ ಎಷ್ಟು ಉದ್ದ ಎಂದು ಅಳೆಯಬೇಕಿತ್ತು. ಅದಕ್ಕೆ ಫ್ರೆಂಚ್ ವಿಜ್ಞಾನಿಗಳು ಹೊರಟದ್ದು ಸ್ಪೇನಿನ ವಶದಲ್ಲಿದ್ದ ಕ್ವಿಟೊಗೆ, ಅಂದರೆ ಈಗಿನ ಈಕ್ವೆಡಾರ್‌ಗೆ. ಪರದೇಶದವರನ್ನು ಒಬ್ಬರೇ ಬಿಡುವುದುಂಟೇ? ಕಣ್ಣಿಡಲಿಕ್ಕೂ ಕೆಲಸ ಕಲಿಯಲಿಕ್ಕೂ ಎಂದು ಸ್ಪೇನ್ ಇಬ್ಬರು ಎಳೆಯ ಕೆಡೆಟ್‌ಗಳನ್ನು ಒಮ್ಮೆಗೇ ಲೆಫ್ಟಿನೆಂಟ್ ದರ್ಜೆಗೆ ಏರಿಸಿ ಜೊತೆಗೆ ಕಳಿಸಿತು. ಒಬ್ಬ ಹೋರ್ಹೆ ಹ್ವಾನ್, ಇನ್ನೊಬ್ಬ ಉಲ್ಲೋವಾ. 1735ರ ಮೇನಲ್ಲಿ ಕ್ಯಾಡಿಜ್ ಬಿಟ್ಟಾಗ ಉಲ್ಲೋವಾನಿಗೆ ಹತ್ತೊಂಬತ್ತು ವರ್ಷ. (ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಿಡಿದು ಆಧಾರರೇಖೆ, ಅಂದರೆ ತ್ರಿಕೋನ ಅಳತೆಗೆ ತಳಹದಿಯಾಗುವ ನೇರಗೆರೆ, ಅಳೆದನಲ್ಲ, ಅವನ ಸರ್ವೆಯ ಹಿಂದೆಯೂ ಇದೇ ಪ್ರಶ್ನೆ ಇತ್ತು. ಮಗನಿಗೆ ಇದನ್ನು ಹೇಳಿ, ಊರಿನ ನಂಟು ಸಿಕ್ಕಂತಾಗುತ್ತದೆ.)

ಯಾರೂಕಿ ಬಯಲಿನಲ್ಲಿ ಆಧಾರರೇಖೆ ಅಳೆದು, ಅಲ್ಲಿಂದ ಆಂಡಿಸ್‌ನ ಶಿಖರದಿಂದ ಶಿಖರಕ್ಕೆ ತ್ರಿಕೋನ ಹೆಣೆಯುತ್ತಾ ದಕ್ಷಿಣದ ಕ್ವೆಂಕಾವರೆಗೆ ಹೋಗುವುದು ಕೆಲಸ. ಪಿಚಿಂಚಾ ಬೆಟ್ಟದ ತುದಿಯ ಗುಡಿಸಲಿನಲ್ಲಿ ಕಳೆದ ದಿನಗಳನ್ನು ಉಲ್ಲೋವಾ ಮುಂದೆ ವಿವರವಾಗಿ ಬರೆದ. ಕಾಲು ಊದಿಕೊಂಡು ಹೆಜ್ಜೆ ಇಡಲಾಗದು. ತುಟಿ ಒಡೆದು, ಮಾತಾಡಿದರೆ ರಕ್ತ. ಬೇಯಿಸಿದ ಒಂದಿಷ್ಟು ಅನ್ನದ ಜೊತೆ ಮಾಂಸವೋ ಕೋಳಿಯೋ, ತಟ್ಟೆಯನ್ನು ಕೆಂಡದ ಮೇಲೆ ಇಟ್ಟುಕೊಂಡೇ ತಿನ್ನಬೇಕು, ಇಲ್ಲವಾದರೆ ಹೆಪ್ಪುಗಟ್ಟುತ್ತದೆ. ಪಂಬಮಾರ್ಕಾ ಎಂಬ ಇನ್ನೊಂದು ಬೆಟ್ಟದಲ್ಲಿ ಬೆಳಗಿನ ಮಂಜಿನ ಮೇಲೆ ತಮ್ಮ ನೆರಳು ಬಿದ್ದು, ತಲೆಯ ಸುತ್ತ ಬಣ್ಣದ ಬಳೆಗಳು ಮೂಡಿದ್ದನ್ನು ತಂಡದವರು ಕಂಡರು. ಪ್ರತಿಯೊಬ್ಬನಿಗೂ ಕಂಡದ್ದು ತನ್ನ ತಲೆಯ ಪ್ರಭಾವಳಿ ಮಾತ್ರ, ಪಕ್ಕದಲ್ಲಿ ನಿಂತವನದಲ್ಲ. ಆ ಬೆಳಕಿನ ಬಳೆಗೆ ಇಂದಿಗೂ ಉಲ್ಲೋವಾನ ಹೆಸರಿದೆ.

ಹತ್ತು ವರ್ಷ ಅವನನ್ನು ರೂಪಿಸಿದ್ದು ಇದು. ಸಹಿಸುವ ಶಕ್ತಿ ಅಪಾರ, ಅಳತೆಯಲ್ಲಿ ಕೂದಲೆಳೆಯಷ್ಟೂ ರಾಜಿಯಿಲ್ಲ. ಜೊತೆಗೆ ಮುಂಗೋಪವೂ ಇತ್ತು. 1737ರಲ್ಲಿ ಕ್ವಿಟೊದ ಆಡಳಿತ ನಡೆಸುತ್ತಿದ್ದ ಅಧ್ಯಕ್ಷನ ಜೊತೆ, ಯಾರು ಯಾರನ್ನು ಎಷ್ಟು ಮರ್ಯಾದೆಯಿಂದ ಸಂಬೋಧಿಸಬೇಕು ಎಂಬ ವಿಷಯಕ್ಕೆ ಜಗಳ ಹತ್ತಿ, ಬಂಧನದ ಆದೇಶದವರೆಗೆ ಹೋಯಿತು. ಲಿಮಾದಲ್ಲಿದ್ದ ವೈಸರಾಯ್ ಮಧ್ಯೆ ಬಂದಮೇಲೆ ತಣ್ಣಗಾಯಿತು. ಅದೇ ವೈಸರಾಯ್ 1740ರಲ್ಲಿ, ಬ್ರಿಟನ್ನಿನ ನೌಕಾಧಿಕಾರಿ ಜಾರ್ಜ್ ಆನ್ಸನ್ ಪೆಸಿಫಿಕ್‌ಗೆ ನುಗ್ಗುತ್ತಾನೆ ಎಂದು ಗೊತ್ತಾದಾಗ ಇಬ್ಬರನ್ನೂ ಕರೆಸಿ ಕರಾವಳಿ ಕಾವಲಿಗೆ ಹಾಕಿದ.

ಊರಿಗೆ ಮರಳುವಾಗ ದುರದೃಷ್ಟ. ಉಲ್ಲೋವಾ ಹತ್ತಿದ ಫ್ರೆಂಚ್ ಹಡಗು 1745ರ ಆಗಸ್ಟ್‌ನಲ್ಲಿ ಈಗಿನ ಕೆನಡಾದ ಲೂಯಿಬರ್ಗ್ ಬಂದರಿಗೆ ಹೊಕ್ಕಿತು. ಕೆಲವೇ ವಾರಗಳ ಹಿಂದೆ ಅದು ಬ್ರಿಟಿಷರ ಕೈಸೇರಿದ್ದು ಹಡಗಿನವರಿಗೆ ಗೊತ್ತಿರಲಿಲ್ಲ. ಸೆರೆಯಾಳಾಗಿ ಇಂಗ್ಲೆಂಡಿಗೆ ಹೋದವನನ್ನು ರಾಯಲ್ ಸೊಸೈಟಿಯ ಅಧ್ಯಕ್ಷ ಮಾರ್ಟಿನ್ ಫೋಕ್ಸ್ ಆದರದಿಂದ ಕಂಡು, ಜಪ್ತಿಯಾದ ಕಾಗದಗಳನ್ನು ಕೊಡಿಸಿದ. 1746ರ ಡಿಸೆಂಬರಿನಲ್ಲಿ ಆ ಸೊಸೈಟಿಯೇ ಇವನನ್ನು ಸದಸ್ಯನಾಗಿ ಆರಿಸಿತು. ಸೆರೆಸಿಕ್ಕ ಶತ್ರು ಅಧಿಕಾರಿಗೆ ಇಂಥ ಸತ್ಕಾರ ಆ ಶತಮಾನದಲ್ಲಿ ಮಾತ್ರ ಸಾಧ್ಯವಿತ್ತೇನೋ.

ಪ್ಲಾಟಿನಂ ವಿಷಯಕ್ಕೆ ಬರುತ್ತೇನೆ. ‘ಕಂಡುಹಿಡಿದ’ ಎಂಬ ಮಾತನ್ನು ಮಗ ಸ್ವಲ್ಪ ಸಡಿಲಿಸಿ ಬರೆಯಲಿ. ಈಕ್ವೆಡಾರ್ ಕರಾವಳಿಯ ಮೂಲನಿವಾಸಿ ಕುಶಲಕರ್ಮಿಗಳು ಎಷ್ಟೋ ಶತಮಾನ ಮೊದಲೇ ಪ್ಲಾಟಿನಂ ಬೆರೆಸಿ ಒಡವೆ ಮಾಡುತ್ತಿದ್ದರು. ಚಾರ್ಲ್ಸ್ ವುಡ್ ಎಂಬ ಇಂಗ್ಲಿಷಿನವನು 1741ರ ಹೊತ್ತಿಗೇ ಜಮೈಕಾದಲ್ಲಿ ಅದರ ಮಾದರಿ ಇಟ್ಟುಕೊಂಡಿದ್ದ. ಉಲ್ಲೋವಾ ಮಾಡಿದ್ದೆಂದರೆ, 1748ರಲ್ಲಿ ಹ್ವಾನ್ ಜೊತೆ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ, ಈಗಿನ ಕೊಲಂಬಿಯಾದ ಚೊಕೊ ಪ್ರದೇಶದ ಕೆಲವು ಚಿನ್ನದ ಗಣಿಗಳನ್ನು ಈ ಹಠಮಾರಿ ಲೋಹದಿಂದಾಗಿ ಕೈಬಿಡುತ್ತಾರೆ, ಕಮ್ಮಾರನ ಅಡಿಗಲ್ಲಿನ ಮೇಲೆ ಬಡಿದರೂ ಒಡೆಯುವುದು ಕಷ್ಟ ಎಂದು ಬರೆದದ್ದು. ಯುರೋಪೆಲ್ಲ ಆ ಪುಸ್ತಕ ಓದಿತು, ಹೆಸರು ಅವನಿಗೆ ಅಂಟಿತು.

ಈಗ ನಿಮ್ಮ ಅಸಲಿ ಪ್ರಶ್ನೆ. ಅದರ ಉತ್ತರ ನ್ಯೂ ಆರ್ಲಿಯನ್ಸ್‌ನಿಂದ ಶುರುವಾಗುವುದಿಲ್ಲ. 1749ರಲ್ಲಿ ಮಂತ್ರಿ ಎನ್ಸೆನಾದಾನಿಗಾಗಿ ಹ್ವಾನ್ ಮತ್ತು ಉಲ್ಲೋವಾ ಸಿದ್ಧಪಡಿಸಿದ ಗುಪ್ತ ವರದಿಯಿಂದ ಶುರುವಾಗುತ್ತದೆ. ಜಿಲ್ಲಾಧಿಕಾರಿಗಳು ಇಂಡಿಯನ್ನರಿಗೆ (ಅಂದರೆ ಅಲ್ಲಿನ ಮೂಲನಿವಾಸಿಗಳಿಗೆ) ಬೇಡದ ಸರಕನ್ನು ದುಪ್ಪಟ್ಟು ಬೆಲೆಗೆ ಬಲವಂತವಾಗಿ ಮಾರುವುದು, ಪಾದ್ರಿಗಳು ಹಬ್ಬದ ಹೆಸರಿನಲ್ಲಿ ಸುಲಿಯುವುದು, ಬಂದರು ಅಧಿಕಾರಿಗಳೇ ಕಳ್ಳಸಾಗಣೆಗೆ ಬಾಗಿಲು ತೆರೆಯುವುದು, ಎಲ್ಲವೂ ಅದರಲ್ಲಿದೆ. ಒಂಬತ್ತು ವರ್ಷದ ನಂತರ, 1758ರಲ್ಲಿ, ಹಾಗೆ ಬರೆದವನನ್ನೇ ಸರ್ಕಾರ ಪೆರುವಿನ ಹ್ವಾಂಕವೆಲಿಕಾಗೆ ಗವರ್ನರ್ ಮಾಡಿ ಕಳಿಸಿತು. ರೋಗ ಬರೆದವನೇ ಔಷಧಿಯನ್ನೂ ಕೊಡಲಿ ಎಂಬ ಲೆಕ್ಕ.

ಹ್ವಾಂಕವೆಲಿಕಾ ಯಾವ ಊರು ಅಂದುಕೊಂಡಿರಿ? ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರಿಗೂ ಎತ್ತರದಲ್ಲಿ ಒಂದು ಪಾದರಸದ ಗಣಿ. ಅದಿರಿನಿಂದ ಬೆಳ್ಳಿ ಬಿಡಿಸಲು ಆಗ ಪಾದರಸವೇ ಬೇಕು, ಹಾಗಾಗಿ ಇಲ್ಲಿ ಪಾದರಸ ನಿಂತರೆ ಪೊಟೊಸಿ ಗಣಿಯ ಬೆಳ್ಳಿಯೂ ನಿಂತಂತೆ, ಸ್ಪೇನಿನ ಖಜಾನೆಯೂ ನಿಂತಂತೆ. ಗಣಿಯೊಳಗೆ ಇಳಿಯುವವರು ಸರದಿಯ ಮೇಲೆ ಬಲವಂತವಾಗಿ ಬರಬೇಕಾದ ಇಂಡಿಯನ್ ಕೂಲಿಗಳು. ಪಾದರಸದ ಹಬೆ, ಕಲ್ಲಿನ ದೂಳು, ಎರಡೂ ಶ್ವಾಸಕೋಶ ತಿನ್ನುತ್ತಿದ್ದವು. ನಡೆಸುವವರು ಗಣಿ ಮಾಲೀಕರ ಸಂಘದವರು. ನಿಗದಿ ಬೆಲೆಗೆ ಅಷ್ಟೂ ಪಾದರಸವನ್ನು ಸರ್ಕಾರಕ್ಕೇ ಒಪ್ಪಿಸಬೇಕೆಂದು ಕರಾರು. ಅವರು ಒಂದು ಪಾಲು ಕದ್ದು ಮಾರುತ್ತಿದ್ದರು. ಅದಕ್ಕಿಂತ ಭಯಾನಕ ಇನ್ನೊಂದು: ಗಣಿಯ ಚಾವಣಿ ಹೊತ್ತು ನಿಂತ ಕಂಬಗಳಲ್ಲೇ ಒಳ್ಳೆಯ ಅದಿರಿದ್ದರೆ ಆ ಕಂಬಗಳನ್ನೇ ಕೊರೆಯುತ್ತಿದ್ದರು. ತಡೆಯಬೇಕಾದ ಮೇಲ್ವಿಚಾರಕರು ಹಣ ತೆಗೆದುಕೊಂಡು ಸುಮ್ಮನಿರುತ್ತಿದ್ದರು.

ಉಲ್ಲೋವಾ ಬಂದವನೇ ಲೆಕ್ಕ ಕೇಳಿದ, ಗಣಿಯೊಳಗೆ ಇಳಿದು ನೋಡಿದ, ಮೇಲ್ವಿಚಾರಕರ ಮೇಲೆ ಕೇಸು ಹಾಕಿದ. ಮಾಲೀಕರಿಗೆ ಲಿಮಾದ ನ್ಯಾಯಾಲಯದಲ್ಲಿ ನಂಟರು, ವಕೀಲರು. 1761ರಲ್ಲಿ ವೈಸರಾಯ್ ಆಗಿ ಬಂದ ಮನ್ವೆಲ್ ದೆ ಅಮಾತ್‌ಗೂ ಇವನಿಗೂ ಎಣ್ಣೆ ಸೀಗೆಕಾಯಿ. ಕೊನೆಗೆ ಕೇಸು ಇವನ ಮೇಲೇ ತಿರುಗಿತು. ತನ್ನನ್ನು ಬಿಡುಗಡೆ ಮಾಡಿ ಎಂದು ತಾನೇ ಬರೆದುಕೊಂಡು 1764ರಲ್ಲಿ ಕೆಲಸ ಬಿಟ್ಟ. ಅವನು ಎಚ್ಚರಿಸುತ್ತಿದ್ದ ಆ ಕಂಬಗಳ ಕಥೆ ಏನಾಯಿತು? 1786ರಲ್ಲಿ ಗಣಿ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಇದನ್ನು ಸೋಲು ಎನ್ನಬಹುದು, ಕೈಲಾಗದತನ ಎನ್ನಲು ನನಗೆ ಮನಸ್ಸು ಬಾರದು. ಆದರೂ ಒಂದು ಮಾತು ಹೇಳಲೇಬೇಕು. ಸಂಘದಲ್ಲಿ ಒಂದು ಗುಂಪನ್ನು ತನ್ನ ಕಡೆ ಎಳೆದುಕೊಳ್ಳುವ ಜಾಣ್ಮೆ ಅವನಿಗಿರಲಿಲ್ಲ. ಎಲ್ಲರನ್ನೂ ಒಟ್ಟಿಗೇ ಕಳ್ಳರೆಂದ. ಬಹುತೇಕ ನಿಜವೇ ಇತ್ತು, ಆದರೆ ಉಪಯೋಗಕ್ಕೆ ಬರಲಿಲ್ಲ.

ಅಲ್ಲಿಂದ ಎದ್ದವನನ್ನು ಲೂಸಿಯಾನಾಗೆ ಹಾಕಿದರು. ಇಲ್ಲಿ ಹಿನ್ನೆಲೆ ಗೊತ್ತಿಲ್ಲದಿದ್ದರೆ ಗೈಡ್ ಹೇಳಿದ ಕಥೆಯೇ ಸರಿ ಎನಿಸುತ್ತದೆ. ಫ್ರಾನ್ಸಿನ ಹದಿನೈದನೇ ಲೂಯಿ 1762ರ ನವೆಂಬರಿನಲ್ಲಿ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡು ಲೂಸಿಯಾನಾವನ್ನು ತನ್ನ ದಾಯಾದಿ, ಸ್ಪೇನಿನ ಮೂರನೇ ಕಾರ್ಲೋಸ್‌ಗೆ ಕೊಟ್ಟುಬಿಟ್ಟ. ಅಲ್ಲಿನ ಜನರಿಗೆ ಗೊತ್ತಾದದ್ದು 1764ರಲ್ಲಿ. ಉಲ್ಲೋವಾ ನ್ಯೂ ಆರ್ಲಿಯನ್ಸ್‌ಗೆ ಬಂದಿಳಿದದ್ದು 1766ರ ಮಾರ್ಚ್ 5ರಂದು, ಜೊತೆಗೆ ಬರೀ 90 ಸೈನಿಕರು. ಅಲ್ಲಿರುವ ಫ್ರೆಂಚ್ ಪಡೆಯೇ ಸ್ಪೇನಿನ ಸೇವೆಗೆ ಸೇರಿಕೊಳ್ಳುತ್ತದೆ ಎಂದು ಮ್ಯಾಡ್ರಿಡ್ ಅಂದುಕೊಂಡಿತ್ತು. ಆ ಸೈನಿಕರು, ನಮ್ಮ ಅವಧಿ ಮುಗಿದಿದೆ, ಊರಿಗೆ ಕಳಿಸಿ ಎಂದರು.

ಅಲ್ಲಿಗೆ ಉಲ್ಲೋವಾನ ಮುಂದಿದ್ದ ದಾರಿಗಳು ಯಾವುವು ಎಂದು ಮಗನಿಗೆ ಯೋಚಿಸಲು ಹೇಳಿ. 90 ಜನರನ್ನೇ ನೆಚ್ಚಿಕೊಂಡು ಬಾವುಟ ಏರಿಸಿ, ಇನ್ನು ಮುಂದೆ ನಾನೇ ಸರ್ಕಾರ ಎನ್ನಬಹುದಿತ್ತು. ಯಾರಾದರೂ ಎದುರು ನಿಂತರೆ ಮರುದಿನವೇ ಮಾನ ಹೋಗುತ್ತಿತ್ತು. ಹವಾನಾಗೆ ಹಿಂತಿರುಗಿ ದೊಡ್ಡ ಪಡೆ ಬರಲಿ ಎಂದು ಕಾಯಬಹುದಿತ್ತು. ಅಷ್ಟರಲ್ಲಿ ಮಿಸಿಸಿಪ್ಪಿಯ ಆಚೆ ದಡದಲ್ಲಿ ಕೂತಿದ್ದ ಬ್ರಿಟಿಷರು ಒಳನುಸುಳುವ ಭಯವಿತ್ತು, ರಾಜನ ಆದೇಶ ಮೀರಿದಂತೆಯೂ ಆಗುತ್ತಿತ್ತು. ಫ್ರೆಂಚರ ಹಂಗಾಮಿ ಗವರ್ನರ್ ಓಬ್ರಿ ಎಂಬವನನ್ನು ಮುಂದಿಟ್ಟುಕೊಂಡು, ಹಿಂದಿನಿಂದ ಆಡಳಿತ ನಡೆಸುವುದು ಮೂರನೆಯದು. ಅವನು ಹಿಡಿದದ್ದು ಇದೇ ದಾರಿ. 1767ರಲ್ಲಿ ನದಿಮುಖದ ಬಾಲೀಸ್ ಎಂಬ ಕೆಸರು ದ್ವೀಪದಲ್ಲಿ ಸ್ಪೇನಿನ ಬಾವುಟ ಏರಿತು, ನಗರದ ಚೌಕದಲ್ಲಿ ಮಾತ್ರ ಫ್ರೆಂಚ್ ಬಾವುಟವೇ ಹಾರುತ್ತಿತ್ತು. ತಕ್ಷಣಕ್ಕೆ ಇದು ಸುರಕ್ಷಿತ ದಾರಿ. ಅಪಾಯ ಏನೆಂದರೆ, ಹಣ ಕೊಡುವವನು ಒಬ್ಬ, ಆಜ್ಞೆ ಹೊರಡಿಸುವವನು ಇನ್ನೊಬ್ಬ, ಬೈಗುಳವೆಲ್ಲ ಉಲ್ಲೋವಾನಿಗೆ. ಫ್ರೆಂಚ್ ಅಧಿಕಾರಿಗಳ ಸಂಬಳವೂ ಸ್ಪೇನಿನ ಲೆಕ್ಕಕ್ಕೇ ಬಿತ್ತು. ಮೆಕ್ಸಿಕೊದಿಂದ ಬರಬೇಕಾದ ಹಣವೋ, ತಡವಾಗಿ ಬರುತ್ತಿತ್ತು.

ಜನರ ಸಿಟ್ಟಿಗೆ ಕಾರಣ ಕೇಳಿದರೆ ಬಹಳ ಮಂದಿ ‘ಅಹಂಕಾರಿ, ಯಾರೊಂದಿಗೂ ಬೆರೆಯುತ್ತಿರಲಿಲ್ಲ’ ಎನ್ನುತ್ತಾರೆ. ಅದರಲ್ಲೂ ಸುಳ್ಳಿಲ್ಲ. ಪೆರುವಿನ ಶ್ರೀಮಂತ ಮನೆತನದ ಫ್ರಾನ್ಸಿಸ್ಕಾ ರಾಮಿರೆಸ್ ದೆ ಲಾರೆದೊಳನ್ನು ಮದುವೆಯಾಗಲು ಬಾಲೀಸ್‌ನಲ್ಲಿ ತಿಂಗಳುಗಟ್ಟಲೆ ಕಾದು, ಅಲ್ಲೇ ಸದ್ದಿಲ್ಲದೆ ಮದುವೆ ಮುಗಿಸಿಕೊಂಡು ಬಂದ. ಗವರ್ನರ್ ಮದುವೆಯ ಊಟ, ನೃತ್ಯ ಎಂದು ಕಾದು ಕೂತಿದ್ದ ನಗರದ ಹೆಂಗಸರಿಗೆ ಅದು ಅವಮಾನ. ಆದರೆ ಊಟ ಹಾಕಲಿಲ್ಲ ಎಂದು ಯಾರೂ ದಂಗೆ ಏಳುವುದಿಲ್ಲ. ಅಸಲು ಕಾರಣ ದುಡ್ಡು. ಫ್ರೆಂಚ್ ಸರ್ಕಾರ ಹಂಚಿದ್ದ ಕಾಗದದ ಹಣ ಆಗಲೇ ಬೆಲೆ ಕಳೆದುಕೊಂಡಿತ್ತು. ಉಲ್ಲೋವಾ ಅದನ್ನು ಮುಖಬೆಲೆಯ ಮುಕ್ಕಾಲು ಪಾಲಿಗೆ ಒಪ್ಪಿಕೊಳ್ಳುತ್ತೇನೆ ಎಂದ, ಜನ ಪೂರ್ತಿ ಬೇಕೆಂದರು. ಆಮೇಲೆ 1768ರ ವ್ಯಾಪಾರ ಆದೇಶ: ಇನ್ನು ಸ್ಪೇನಿನ ಬಂದರುಗಳ ಜೊತೆ, ಸ್ಪೇನಿನ ಹಡಗುಗಳಲ್ಲೇ ವ್ಯಾಪಾರ. ಬೊರ್ಡೊ ವೈನ್ ಬರುವ ಹಾಗಿಲ್ಲ, ಫ್ರೆಂಚ್ ಕೆರಿಬಿಯನ್ ದ್ವೀಪಗಳ ಮಾರುಕಟ್ಟೆ ಬಂದ್. ಸಾಲದಲ್ಲಿ ಮುಳುಗಿದ್ದ ವ್ಯಾಪಾರಿಗಳಿಗೆ, ಕಳ್ಳಸಾಗಣೆಯೇ ಕಸುಬಾಗಿದ್ದ ಊರಿಗೆ ಇದು ಕುತ್ತಿಗೆಗೆ ಬಿದ್ದ ಉರುಳು. ಬ್ರಿಟಿಷರು ನೋವಾ ಸ್ಕೋಶಿಯಾದಿಂದ ಹೊರದಬ್ಬಿದ್ದ, ಫ್ರೆಂಚ್ ಮೂಲದ ಅಕೇಡಿಯನ್ ಕುಟುಂಬಗಳದು ಬೇರೆ ದೂರು. ಅವರಲ್ಲಿ ಕೆಲವರನ್ನು ಉಲ್ಲೋವಾ ನಂಟರಿಂದ ದೂರ, ಗಡಿ ಕಾಯಲಿ ಎಂದು ಮೇಲಿನ ನ್ಯಾಚೆಜ್ ಕಡೆಗೆ ಅಟ್ಟಿದ್ದ. ನಕ್ಷೆ ನೋಡುವ ಸೇನಾಧಿಕಾರಿಗೆ ಅದು ಸರಿಯಾದ ಜಾಗ. ಮನೆ ಕಳೆದುಕೊಂಡು ಬಂದವರಿಗೆ ಇನ್ನೊಮ್ಮೆ ಗಡೀಪಾರು.

ದಂಗೆಯ ಮುಂದಾಳು ಸರ್ಕಾರಿ ವಕೀಲ ಲಾಫ್ರೆನಿಯೆ. ಫ್ರೆಂಚ್ ಖಜಾನೆಯ ಅಧಿಕಾರಿ ಫೂಕೊ, ಕೆಲವು ದೊಡ್ಡ ವ್ಯಾಪಾರಿಗಳು, ಜಮೀನುದಾರರು ಜೊತೆಗಿದ್ದರು. ಅಲ್ಲಿ ನೆಲೆಸಿದ್ದ ಜರ್ಮನ್ ರೈತರಿಗೆ, ನೀವು ಕೊಟ್ಟ ದವಸಕ್ಕೆ ಸ್ಪೇನ್ ಹಣ ಕೊಡುವುದಿಲ್ಲ ಎಂದು ಹೇಳಿ ಕೆರಳಿಸಿದರು. ಬಾಕಿ ತೀರಿಸಲು ಉಲ್ಲೋವಾ ಹಣ ಕೊಟ್ಟು ಕಳಿಸಿದ್ದ ಮ್ಯಾಕ್ಸೆಂಟ್ ಎಂಬ ವ್ಯಾಪಾರಿಯನ್ನು ದಾರಿಯಲ್ಲೇ ಹಿಡಿದಿಟ್ಟರು. ಇದೊಂದೇ ಸಾಕು, ದಂಗೆ ತಾನಾಗಿ ಹೊತ್ತಿಕೊಂಡದ್ದಲ್ಲ, ಹೊತ್ತಿಸಿದ್ದು ಎಂದು ತೋರಿಸಲು. ಅಕ್ಟೋಬರ್ 27ರ ರಾತ್ರಿ ನಗರದ್ವಾರದ ಫಿರಂಗಿಗಳಿಗೆ ಮೊಳೆ ಜಡಿದು ಕೆಡಿಸಲಾಯಿತು. ಮರುದಿನ ಜರ್ಮನರೂ ಅಕೇಡಿಯನ್ನರೂ ಒಳಬಂದರು. 29ರಂದು ವಸಾಹತಿನ ಉನ್ನತ ಮಂಡಳಿಯಾದ ಸುಪೀರಿಯರ್ ಕೌನ್ಸಿಲ್ ಮೂರು ದಿನದೊಳಗೆ ಹೊರಡಬೇಕೆಂದು ಉಲ್ಲೋವಾನಿಗೆ ಆದೇಶ ಕೊಟ್ಟಿತು. ನವೆಂಬರ್ 1ಕ್ಕೆ ಅವನು, ಗರ್ಭಿಣಿ ಹೆಂಡತಿಯ ಸಮೇತ, ಹವಾನಾ ಕಡೆಗೆ ಹೊರಟ.

ಹಾಗಾದರೆ ಹಗ್ಗ ಕಡಿದದ್ದು? ಲೂಸಿಯಾನಾದ ಹಳೆಯ ಇತಿಹಾಸ ಪುಸ್ತಕಗಳು ಪ್ರೀತಿಯಿಂದ ಹೇಳಿಕೊಂಡು ಬಂದ ಕಥೆ ಅದು. ನಡೆದಿದ್ದರೂ ನಡೆದಿರಬಹುದು, ಮದುವೆ ಮನೆಯಿಂದ ಬಂದ ಹುಡುಗರು ಏನು ತಾನೇ ಮಾಡುವುದಿಲ್ಲ? ಆದರೆ ಹೊರಡುವ ಆದೇಶ ಆಗಲೇ ಆಗಿತ್ತು, ಅವನು ಹಡಗು ಹತ್ತಿಯಾಗಿತ್ತು. ಹಗ್ಗ ಇತಿಹಾಸವನ್ನು ಅರ್ಧ ದಿನ ಮುಂದೆ ತಳ್ಳಿತು, ಅಷ್ಟೇ.

ಮುಂದಿನ ವರ್ಷ ಆದದ್ದನ್ನು ಗೈಡ್‌ಗಳು ನಗುತ್ತಾ ಹೇಳುವುದಿಲ್ಲ. 1769ರ ಆಗಸ್ಟ್‌ನಲ್ಲಿ ಸ್ಪೇನಿನ ಸೇನಾಪತಿ ಅಲೆಹಾಂದ್ರೊ ಓರೈಲಿ ಸುಮಾರು ಎರಡು ಸಾವಿರ ಸೈನಿಕರೊಂದಿಗೆ ಬಂದ. ಒಂದು ಗುಂಡೂ ಹಾರಲಿಲ್ಲ. ಲಾಫ್ರೆನಿಯೆ ಸೇರಿ ಐವರನ್ನು ಅಕ್ಟೋಬರ್ 25ರಂದು ಗುಂಡಿಟ್ಟು ಕೊಂದರು, ವಿಲೆರೆ ಎಂಬ ಇನ್ನೊಬ್ಬ ದಂಗೆಕೋರ ಅದಕ್ಕೂ ಮೊದಲೇ ಸೆರೆಯಲ್ಲಿ ಸತ್ತ. ಓರೈಲಿಯ ನಂತರ ಗವರ್ನರ್ ಆದ ಉನ್ಸಾಗಾ ಇನ್ನೂ ಜಾಣ. ವ್ಯಾಪಾರದ ಕಾನೂನು ಪುಸ್ತಕದಲ್ಲಿ ಹಾಗೇ ಇತ್ತು, ಬ್ರಿಟಿಷ್ ದೋಣಿಗಳು ನದಿಯಲ್ಲಿ ಓಡಾಡುತ್ತಿದ್ದವು, ಇವನು ಕಂಡರೂ ಕಾಣದಂತಿದ್ದ. ಊರು ತಣ್ಣಗಿತ್ತು. ಉಲ್ಲೋವಾನಿಗೆ ಹೀಗೆ ಕಣ್ಣುಮುಚ್ಚಲು ಜನ್ಮದಲ್ಲಿ ಸಾಧ್ಯವಿರಲಿಲ್ಲ. ಪಡೆ ಕೊಡದೆ ಕಳಿಸಿದ್ದು ಮ್ಯಾಡ್ರಿಡ್‌ನ ತಪ್ಪು, ಪಡೆ ಇಲ್ಲದವನು ಬಿಗಿಯಾಗಿ ನಡೆದುಕೊಂಡದ್ದು ಅವನ ತಪ್ಪು. ಎರಡರಲ್ಲಿ ಮೊದಲನೆಯದೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ದೊರೆಗೂ ಹಾಗೇ ಕಂಡಿರಬೇಕು, ಇಲ್ಲವಾದರೆ ಓಡಿಬಂದವನಿಗೆ ನೌಕಾಪಡೆಯಲ್ಲಿ ಬಡ್ತಿ ಸಿಗುತ್ತಿರಲಿಲ್ಲ. 1776ರಲ್ಲಿ ವೆರಾಕ್ರೂಸ್‌ಗೆ ಹೋದ ಸರಕು ಹಡಗುಗಳ ದೊಡ್ಡ ತಂಡಕ್ಕೆ ಇವನೇ ನಾಯಕ. ಆ ಬಗೆಯ ತಂಡಗಳಲ್ಲಿ ಅದೇ ಕೊನೆಯದು. ವಾಪಸು ಬರುವಾಗ 1778ರ ಜೂನ್ 24ರ ಸೂರ್ಯಗ್ರಹಣವನ್ನು ನಡುಸಮುದ್ರದಲ್ಲಿ ಹಡಗಿನ ಮೇಲಿಂದಲೇ ನೋಡಿ ಬರೆದಿಟ್ಟ. ಚಂದ್ರನ ಅಂಚಿನಲ್ಲಿ ಒಂದು ಬೆಳಕಿನ ಚುಕ್ಕೆ ಕಂಡಿತು, ಅಲ್ಲಿ ತೂತಿರಬೇಕು ಎಂದುಕೊಂಡ.

ಲಕೋಟೆಯ ಕಥೆ ಇಲ್ಲಿಂದಲೇ ಬಂದದ್ದೇನೋ. 1779ರಲ್ಲಿ ಸ್ಪೇನ್ ಬ್ರಿಟನ್ ವಿರುದ್ಧ ಯುದ್ಧಕ್ಕೆ ಇಳಿದಾಗ ಅಜೋರ್ಸ್ ದ್ವೀಪಗಳ ಬಳಿ ಕಾವಲಿಗಿದ್ದ ಪಡೆ ಇವನದು. ಹೇಳಿಕೊಳ್ಳುವಂಥ ಬೇಟೆ ಸಿಗಲಿಲ್ಲ, ಬದಲಿಗೆ ಸಾಂತಾ ಮೋನಿಕಾ ಎಂಬ ಯುದ್ಧನೌಕೆ ಬ್ರಿಟಿಷರ ಪಾಲಾಯಿತು. ಕೋರ್ಟ್ ಮಾರ್ಷಲ್ ನಡೆಯಿತು, ನಿರ್ದೋಷಿ ಎಂದು ಬಿಟ್ಟರು. ಮುಚ್ಚಿದ ಆದೇಶ ಒಡೆಯಲು ಮರೆತ ಎಂಬುದು ಹಳೆಯ ಇಂಗ್ಲಿಷ್ ವಿಶ್ವಕೋಶಗಳು ಹರಡಿದ ಮಾತು. ಸ್ವಲ್ಪ ಯೋಚಿಸಿ: ಯುದ್ಧಕಾಲದಲ್ಲಿ ದೊರೆಯ ಆದೇಶ ಓದದೇ ಇದ್ದ ಸೇನಾಪತಿಯನ್ನು ಯಾವ ನೌಕಾ ನ್ಯಾಯಾಲಯ ಸುಮ್ಮನೆ ಬಿಡುತ್ತದೆ? ಮರೆಗುಳಿ ವಿಜ್ಞಾನಿ ಎಂಬ ಅಚ್ಚು ಮೊದಲೇ ಸಿದ್ಧವಿತ್ತು, ಇವನನ್ನು ಅದರಲ್ಲಿ ಎರಕ ಹೊಯ್ದರು.

ಇನ್ನು ಪ್ರಾಜೆಕ್ಟ್. ‘ವಿಫಲ ಗವರ್ನರ್’ ಎಂಬ ತಲೆಬರಹ ಇಡಬಹುದು, ತಪ್ಪೇನಲ್ಲ. ಆದರೆ ಹ್ವಾಂಕವೆಲಿಕಾವನ್ನು ಬಿಟ್ಟು ಬರೆದರೆ ಟೀಚರ್ ಮುಂದೆ ಗೈಡ್ ಕಥೆಯೇ ಮತ್ತೆ ಬರುತ್ತದೆ. ಅನ್ಯಾಯಕ್ಕೊಳಗಾದ ಸಜ್ಜನ ಎಂದು ಬರೆಯುವುದರಲ್ಲೂ ಅಪಾಯವಿದೆ. ಗುಪ್ತ ವರದಿಯಲ್ಲಿ ಇಂಡಿಯನ್ನರ ಪರ ಅಷ್ಟು ಬರೆದವನೇ 1772ರ ‘ನೋತಿಸಿಯಾಸ್ ಅಮೆರಿಕಾನಾಸ್’ ಪುಸ್ತಕದಲ್ಲಿ ಅವರನ್ನು ಸೋಮಾರಿಗಳು, ನೋವೇ ತಿಳಿಯದವರು ಎಂಬಂತೆ ತುಚ್ಛವಾಗಿ ಬರೆದ. ಅವನ್ನು ಒಂದರ ಪಕ್ಕ ಒಂದು ಇಟ್ಟು ತೋರಿಸಲಿ, ಮುಚ್ಚಿಡುವುದು ಬೇಡ. ಆ ಗುಪ್ತ ವರದಿಯನ್ನು ಬಳಸುವಾಗಲೂ ಎಚ್ಚರ ಬೇಕು. ಮಂತ್ರಿ ಒಬ್ಬನ ಕಣ್ಣಿಗೆಂದು ಬರೆದದ್ದನ್ನು ಡೇವಿಡ್ ಬ್ಯಾರಿ ಎಂಬಾತ 1826ರಲ್ಲಿ ಲಂಡನ್‌ನಲ್ಲಿ ಅಚ್ಚು ಹಾಕಿಸಿದ. ದಕ್ಷಿಣ ಅಮೆರಿಕದ ದೇಶಗಳು ಆಗಷ್ಟೇ ಸ್ವತಂತ್ರವಾಗಿದ್ದವು, ಸ್ಪೇನನ್ನು ಬಯ್ಯುವ ಪುಸ್ತಕಕ್ಕೆ ಗಿರಾಕಿಗಳಿದ್ದರು. ಇಬ್ಬರು ಯುವಕರು ಆಡಳಿತ ಸುಧಾರಿಸಲಿ ಎಂದು ಬರೆದದ್ದು, ಆಡಳಿತವೇ ಪಾಪ ಎಂಬುದಕ್ಕೆ ಸಾಕ್ಷಿಯಾಯಿತು. ದಂಗೆಕೋರರು ತಮ್ಮ ಸಮರ್ಥನೆಗೆ ಬರೆದ ಮನವಿಯೂ ಸಿಗುತ್ತದೆ. ಉಲ್ಲೋವಾನ ಗುಣದ ಮೇಲೆ ಅದರಲ್ಲಿರುವ ದೂರುಗಳನ್ನು ನಂಬುವ ಮೊದಲು, ಸಹಿ ಹಾಕಿದವರಲ್ಲಿ ಯಾರಿಗೆ ಎಷ್ಟು ಸಾಲವಿತ್ತು ಎಂದು ಕೇಳಿಕೊಳ್ಳಲಿ.

ನನ್ನನ್ನು ಕೇಳಿದರೆ, ಇಡೀ ಜೀವನಚರಿತ್ರೆ ಬರೆಯುವ ಗೋಜಿಗೆ ಹೋಗುವುದು ಬೇಡ. 1766ರ ಮಾರ್ಚ್ 5ರಂದು ನದಿ ದಂಡೆಗೆ ಇಳಿದ 90 ಸೈನಿಕರನ್ನೂ 1769ರ ಆಗಸ್ಟ್‌ನಲ್ಲಿ ಅದೇ ದಂಡೆಗೆ ಇಳಿದ ಎರಡು ಸಾವಿರ ಜನರನ್ನೂ ಎದುರುಬದುರು ಇಟ್ಟುಕೊಂಡು, ನಡುವಿನ ಮೂರೂವರೆ ವರ್ಷದ ಬಗ್ಗೆ ಮಾತ್ರ ಬರೆಯಲಿ. ಹ್ವಾಂಕವೆಲಿಕಾದ ಗಣಿಗೆ ಒಂದು ಪುಟ ಕೊಡಲಿ. ಪ್ಲಾಟಿನಂ, ಗ್ರಹಣ, ಬೆಳಕಿನ ಬಳೆಗಳನ್ನು ಚಿತ್ರಗಳ ಪಕ್ಕದ ಚಿಕ್ಕ ಟಿಪ್ಪಣಿಗಳಲ್ಲಿ ಹಾಕಿದರೆ ಸಾಕು.